ರೆವಿಟ್ ರೂಮ್ ಶೆಡ್ಯೂಲಿಗೆ ಫಿಲ್ಟರ್ ಹಾಕಿದ ಮ್ಯಾಲ 4 ರೂಮ್ ಕಾಣವಲ್ವು, ಎಲ್ಲಿ ಹೋಗ್ಯಾವ?

ನಕ್ಷಿಮನಿ, ಕಲಬುರಗಿ

ನಮಸ್ಕಾರ್ರಿ. ಕಟ್ಟಡದ ಮಾಡೆಲ್ ಮಾಡೋ ರೆವಿಟ್ ಸಾಫ್ಟ್‌ವೇರ್‌ನ್ಯಾಗ ವಿದ್ಯಾರ್ಥಿ ನಿಲಯದ್ದು ಒಂದು ಮಾಡೆಲ್ ನಡದದ. ಹಳೇ ಬ್ಲಾಕ್ ಹಂಗೇ ಇಟ್ಟು ಬಾಜೂಕ ಹೊಸಾ ಬ್ಲಾಕ್, ತಳಮಹಡಿ ಮತ್ತ ಮ್ಯಾಲ ಎರಡು. ಒಂದೇ ಶೀಟಿನ ಮ್ಯಾಲ ಹಳೇದು, ಹೊಸಾದು ಎರಡರ ತಳಮಹಡಿ ಪ್ಲ್ಯಾನೂ ಅವ. ಪ್ರಿಂಟ್ ತಗೊಂಡು ಪೆನ್ಸಿಲ್‌ಲೆ ಗುರ್ತು ಹಾಕ್ಕೋತ ಎಣಿಸಿದ್ರ ವಸತಿ ವಿಭಾಗದ ರೂಮ್ 26. ಶೆಡ್ಯೂಲ್‌ನ್ಯಾಗ (ಮಾಡೆಲಿಂದ ರೆವಿಟ್ ತಾನೇ ತಗಿಯೋ ಪಟ್ಟಿ) 22 ಅಷ್ಟ ಬರ್ಲಿಕತ್ತಾವ.

ಫಿಲ್ಟರ್ ಹಿಂಗ ಹಾಕೀನಿ: ಲೆವೆಲ್ ಈಕ್ವಲ್ಸ್ ತಳಮಹಡಿ. ಡಿಪಾರ್ಟ್‌ಮೆಂಟ್ ಈಕ್ವಲ್ಸ್ ವಸತಿ. ಏರಿಯಾ ಈಸ್ ಗ್ರೇಟರ್ ದ್ಯಾನ್ 0. ಕಡೀದು ಯಾಕಂದ್ರ 'ನಾಟ್ ಪ್ಲೇಸ್ಡ್' ಅಂತ ಏಳೆಂಟು ಸಾಲು ಬರ್ತಿದ್ದವು, ಅವು ಹೋಗ್ಲಿ ಅಂತ.

ಮತ್ತೊಂದು. ಸ್ನಾನಗೃಹ, ಶೌಚಾಲಯ ಎರಡೂ ಕೂಡಿಸಿ ಒಂದ ಶೆಡ್ಯೂಲ್ ಬೇಕು. ನೇಮ್ ಈಕ್ವಲ್ಸ್ ಸ್ನಾನಗೃಹ ಅಂತ ಒಂದು ಸಾಲು, ನೇಮ್ ಈಕ್ವಲ್ಸ್ ಶೌಚಾಲಯ ಅಂತ ಇನ್ನೊಂದು ಸಾಲು ಹಾಕಿದ್ರ ಪೂರಾ ಶೆಡ್ಯೂಲೇ ಖಾಲಿ. 'ಅಥವಾ' ಅನ್ನೋದು ಎಲ್ಲಿ ಸಿಗ್ತದ್ರಿ?

---

ಫರಸಿಕಲ್ಲು, ಶಹಾಬಾದ್

ಮೊದಲ ಆ ಏರಿಯಾ ಫಿಲ್ಟರ್ ತಗೀರಿ. ಅದು ಕಸಾ ಗುಡಿಸಂಗಿಲ್ಲ, ಕಸದ ಮ್ಯಾಲ ಚಾಪಿ ಹಾಸ್ತದ. ಏರಿಯಾ ಇಲ್ಲದ ರೂಮ್ ಮೂರು ನಮೂನಿ ಇರ್ತಾವ, ಮೂರಕ್ಕೂ ಮದ್ದು ಬ್ಯಾರೆ ಬ್ಯಾರೆ:

ನಾಟ್ ಪ್ಲೇಸ್ಡ್ ಅಂದ್ರ ಪ್ಲ್ಯಾನ್‌ನ್ಯಾಗ ಅಳಿಸಿದ ರೂಮ್. ಪ್ಲ್ಯಾನ್‌ನ್ಯಾಗ ಡಿಲೀಟ್ ಒತ್ತಿದ್ರ ರೂಮ್ ಜಾಗಾ ಬಿಡ್ತದ, ಪ್ರಾಜೆಕ್ಟ್‌ನ್ಯಾಗ ಉಳೀತದ. ಆಗ ಬರೋ ಎಚ್ಚರಿಕೆನೂ ಅದನ್ನೇ ಹೇಳ್ತದ, ಓದದೇ ಓಕೆ ಒತ್ತಿಬಿಡ್ತೀವಿ. ಬೇಕಿದ್ರ ರೂಮ್ ಟೂಲ್ ತಗೊಂಡು, ಮ್ಯಾಲಿನ ಆಪ್ಷನ್ಸ್ ಬಾರ್‌ನ್ಯಾಗ 'ನ್ಯೂ' ಇದ್ದಲ್ಲಿ ಆ ಹಳೇ ರೂಮಿನ ಹೆಸರು ಆರಿಸಿ ಮತ್ತ ಕೂಡ್ರಸ್ರಿ. ನಂಬರ್, ಫಿನಿಶ್ ಎಲ್ಲಾ ಹಂಗೇ ಬರ್ತದ. ಬ್ಯಾಡಾಗಿದ್ರ ಶೆಡ್ಯೂಲ್‌ನ್ಯಾಗ ಆ ಸಾಲು ಡಿಲೀಟ್ ಮಾಡ್ರಿ. ಆದ್ರ ಇಲ್ಲಿ ಕೈ ಹಗೂರಿರಲಿ: ಶೆಡ್ಯೂಲ್‌ನ್ಯಾಗ ಪ್ಲೇಸ್ ಆದ ರೂಮಿನ ಸಾಲು ಅಳಿಸಿದ್ರ ಪ್ಲ್ಯಾನಿಂದನೂ ಹೋಗ್ತದ, ಪೂರಾ ಪ್ರಾಜೆಕ್ಟಿಂದ ಹೋಗ್ತದ.

ನಾಟ್ ಎನ್‌ಕ್ಲೋಸ್ಡ್ ಅಂದ್ರ ರೂಮ್ ಅದ, ಸುತ್ತ ಗೋಡಿ ಕೂಡಿಲ್ಲ. ಎಲ್ಲೋ ಸಂದಿ ಇರ್ತದ, ಇಲ್ಲಾ ಗೋಡಿಯ ಪ್ರಾಪರ್ಟೀಸ್‌ನ್ಯಾಗ ರೂಮ್ ಬೌಂಡಿಂಗ್ (ಇದು ರೂಮಿನ ಗಡಿ ಅನ್ನೋ ಗುರ್ತು) ಟಿಕ್ ಹೋಗಿರ್ತದ. ಗೋಡಿಗಳು ಲಿಂಕ್ ಮಾಡಿದ ಫೈಲ್‌ನ್ಯಾಗ ಇದ್ರ, ಆ ಲಿಂಕಿನ ಟೈಪ್ ಪ್ರಾಪರ್ಟೀಸ್‌ನ್ಯಾಗೂ ರೂಮ್ ಬೌಂಡಿಂಗ್ ಟಿಕ್ ಮಾಡಬೇಕು. ಅದು ತಾನಾಗೇ ಆಗಂಗಿಲ್ಲ.

ರಿಡಂಡಂಟ್ ಅಂದ್ರ ಒಂದೇ ಕ್ವಾಣಿಯೊಳಗ ಎರಡು ರೂಮ್ ಕೂಡ್ರಿಸೀರಿ. ಒಂದು ತಗೀರಿ. ಹಾಲ್ ಮತ್ತ ಊಟದ ಜಾಗಾ ಹಂಗ ಖರೇನೇ ಎರಡು ಇದ್ದು ನಡುವ ಗೋಡಿ ಇಲ್ಲಂದ್ರ, ರೂಮ್ ಸೆಪರೇಟರ್ ಗೆರಿ ಎಳೀರಿ.

ಏರಿಯಾ 0ಕಿಂತ ಹೆಚ್ಚು ಅನ್ನೋ ಫಿಲ್ಟರ್ ಈ ಮೂರನ್ನೂ ಒಟ್ಟಿಗೆ ಮುಚ್ಚತದ. ನಾಟ್ ಪ್ಲೇಸ್ಡ್ ಹೋದ್ರ ನಷ್ಟಿಲ್ಲ. ನಾಟ್ ಎನ್‌ಕ್ಲೋಸ್ಡ್ ಹೋದ್ರ ಕಟ್ಟೋ ರೂಮೇ ಲೆಕ್ಕದಿಂದ ಹೋತು.

ಈಗ ನಿಮ್ಮ 4 ಹುಡುಕೋ ದಾರಿ. ಪ್ರಾಜೆಕ್ಟ್ ಬ್ರೌಸರ್‌ನ್ಯಾಗ ಆ ಶೆಡ್ಯೂಲಿನ ಮ್ಯಾಲ ರೈಟ್ ಕ್ಲಿಕ್, ಡುಪ್ಲಿಕೇಟ್ ವ್ಯೂ. ಹೊಸದಕ್ಕ 'ತಪಾಸಣಿ' ಅಂತ ಹೆಸರಿಡ್ರಿ. ಪ್ರಾಪರ್ಟೀಸ್‌ನ್ಯಾಗ ಫಿಲ್ಟರ್ ಎದುರಿನ ಎಡಿಟ್ ಒತ್ತಿ ಎಲ್ಲಾ ಸಾಲು 'ನನ್' ಮಾಡ್ರಿ. ಫೀಲ್ಡ್ಸ್‌ನ್ಯಾಗ ನಂಬರ್, ನೇಮ್, ಲೆವೆಲ್, ಡಿಪಾರ್ಟ್‌ಮೆಂಟ್, ಏರಿಯಾ ಐದ ಸಾಕು. ಸಾರ್ಟಿಂಗ್‌ನ್ಯಾಗ ಮೊದಲ ಲೆವೆಲ್ ಹೆಡರ್ ಜತಿ, ಆಮ್ಯಾಲ ಡಿಪಾರ್ಟ್‌ಮೆಂಟ್, ಆಮ್ಯಾಲ ನಂಬರ್. ಕೆಳಗ ಗ್ರ್ಯಾಂಡ್ ಟೋಟಲ್ಸ್ ಟಿಕ್ ಮಾಡಿ ಕೌಂಟ್ ಬರೋ ಹಂಗ ಇಡ್ರಿ, 'ಐಟಮೈಜ್ ಎವೆರಿ ಇನ್‌ಸ್ಟನ್ಸ್' ಟಿಕ್ ಇರ್ಲಿ. ಇಲ್ಲಾಂದ್ರ ಸಾಲು ಕೂಡಿ ಬಂದು 'ವೇರೀಸ್' ಅಂತ ತೋರಸ್ತದ, ಯಾವ ರೂಮ್ ಅಂತ ತಿಳಿಯಂಗಿಲ್ಲ.

ಈ ಪಟ್ಟಿ ಶೀಟಿಗೆ ಹಾಕಬ್ಯಾಡ್ರಿ, ಇದು ನಿಮ್ಮ ಕೆಲಸದ್ದು. ಹಿಂಗ ತಗದ್ರ ಸಾಮಾನ್ಯವಾಗಿ ಇಲ್ಲೇ ಸಿಗ್ತಾವ:

ಒಂದು, ಫೇಸ್, ಅಂದ್ರ ಹಳೇದು, ಹೊಸಾದು ಅನ್ನೋ ಕಟ್ಟೋ ಹಂತ. ಹಳೇ ಬ್ಲಾಕ್ ಅದ ಅಂದೀರಿ. ಶೆಡ್ಯೂಲಿಗೂ ತನ್ನದೇ ಫೇಸ್ ಇರ್ತದ, ಫಿಲ್ಟರ್ ಟ್ಯಾಬ್‌ನ್ಯಾಗ ಅಲ್ಲ, ಪ್ರಾಪರ್ಟೀಸ್ ಪ್ಯಾಲೆಟ್‌ನ್ಯಾಗ. ಅದು 'ನ್ಯೂ ಕನ್‌ಸ್ಟ್ರಕ್ಷನ್' ಇದ್ರ 'ಎಕ್ಸಿಸ್ಟಿಂಗ್' ಫೇಸಿನ ವ್ಯೂನ್ಯಾಗ ಕೂಡ್ರಿಸಿದ ರೂಮ್ ಬರಂಗಿಲ್ಲ, ಫಿಲ್ಟರ್ ಪೂರಾ ತಗದ್ರೂ ಬರಂಗಿಲ್ಲ. ಗೋಡಿಗೆ ಫೇಸ್ ಬದಲಿ ಮಾಡಬಹುದು, ರೂಮಿಗೆ ಆಗಂಗಿಲ್ಲ. ಹೊಸಾ ಫೇಸಿನ ವ್ಯೂನ್ಯಾಗ ಆ ಜಾಗಾಕ್ಕ ಇನ್ನೊಂದು ರೂಮ್ ಹಾಕಬೇಕು.

ಎರಡು, ಲೆವೆಲ್. ಪಾಯಖಾನಿ ಸಲುವಾಗಿ ಸ್ಲ್ಯಾಬ್ ಇಳಿಸಿದಲ್ಲಿ ಬ್ಯಾರೆ ಲೆವೆಲ್ ಮಾಡೀರೇನು? ಆ ಲೆವೆಲ್ ಮ್ಯಾಲ ರೂಮ್ ಕೂಡ್ರಿಸಿದ್ರ ತಳಮಹಡಿ ಪ್ಲ್ಯಾನ್‌ನ್ಯಾಗ ಕಾಣ್ತದ, ಟ್ಯಾಗೂ ಆಗ್ತದ, ಆದ್ರ ಅದರ ಲೆವೆಲ್ ತಳಮಹಡಿ ಅಲ್ಲ.

ಮೂರು, ಅಕ್ಷರ. ಡಿಪಾರ್ಟ್‌ಮೆಂಟ್ ಖಾಲಿ ಇರ್ತದ, ಇಲ್ಲಾ 'ವಸತಿ ವಿಭಾಗ' ಅಂತ ಬರದಿರ್ತೀರಿ. ಈಕ್ವಲ್ಸ್‌ಗೆ ಅಕ್ಷರಕ್ಕ ಅಕ್ಷರ ಕೂಡಬೇಕು. ಡಿಪಾರ್ಟ್‌ಮೆಂಟ್ ಪ್ರಕಾರ ಸಾರ್ಟ್ ಮಾಡಿದ್ರ ಖಾಲಿ ಇದ್ದವು ಒಂದ ಕಡಿ ಕೂಡ್ತಾವ, ಕಣ್ಣಿಗೆ ಬೀಳ್ತಾವ.

---

ಬಿದರಿ_ಕೆಲಸ, ಬೀದರ್

'ಅಥವಾ' ಬಗ್ಗೆ ನಾ ಹೇಳ್ತೀನ್ರಿ. ಶೆಡ್ಯೂಲ್ ಫಿಲ್ಟರ್‌ದಾಗ ಅದು ಇಲ್ಲ. 8 ಸಾಲು ಷರತ್ತು ಹಾಕಬಹುದು, ಎಂಟೂ 'ಮತ್ತು' ಅಂತ ಕೂಡ್ತಾವ. ಒಂದೇ ರೂಮಿನ ಹೆಸರು ಸ್ನಾನಗೃಹನೂ ಆಗಿರಬೇಕು, ಶೌಚಾಲಯನೂ ಆಗಿರಬೇಕು ಅಂತ ನೀವು ಕೇಳಿದಂಗಾತು, ಹಿಂಗಾಗಿ ಖಾಲಿ. ಪ್ಲ್ಯಾನಿಗೆ ಹಾಕೋ ವ್ಯೂ ಫಿಲ್ಟರ್‌ದಾಗ 2019ರ ಆವೃತ್ತಿಯಿಂದ 'ಆರ್' ಬಂದದ. ಅದನ್ನ ನೋಡಿದವರು ಶೆಡ್ಯೂಲ್‌ದಾಗೂ ಹುಡುಕ್ತಾರ. ಎರಡೂ ಬ್ಯಾರೆ ಸಾಮಾನು.

ಹೊರಗ ಇಡೋದು ಮಾತ್ರ ಹಗೂರ: 'ಸ್ನಾನಗೃಹ ಅಲ್ಲ' ಮತ್ತು 'ಶೌಚಾಲಯ ಅಲ್ಲ' ಅಂದ್ರ ಎರಡೂ ಬಿಟ್ಟು ಉಳಿದದ್ದು ಸರಿಯಾಗೇ ಬರ್ತದ. ಒಳಗ ತರೋದಕ್ಕ ಗುಂಪಿನ ಫೀಲ್ಡ್ ಒಂದು ಬೇಕು.

ಮ್ಯಾನೇಜ್ ಟ್ಯಾಬ್, ಪ್ರಾಜೆಕ್ಟ್ ಪ್ಯಾರಾಮೀಟರ್ಸ್, ಹೊಸಾದು. ಹೆಸರು 'ಪಟ್ಟಿ ಗುಂಪು', ಟೈಪ್ ಟೆಕ್ಸ್ಟ್, ಇನ್‌ಸ್ಟನ್ಸ್, ಕೆಟಗರಿ ರೂಮ್ಸ್ ಅಷ್ಟೇ. ಈಗ ಒಂದೊಂದು ರೂಮಿಗೆ ಕೈಯಿಂದ ತುಂಬಬ್ಯಾಡ್ರಿ, ತಪ್ಪು ಹೊಕ್ಕೋದು ಅಲ್ಲೇ. ವ್ಯೂ ಟ್ಯಾಬ್‌ದಾಗ ಶೆಡ್ಯೂಲ್ ಮಾಡುವಾಗ 'ಶೆಡ್ಯೂಲ್ ಕೀಸ್' ಆರಿಸ್ರಿ, ಕೆಟಗರಿ ರೂಮ್ಸ್. ಅದಕ್ಕ 'ಪಟ್ಟಿ ಗುಂಪು', ಫ್ಲೋರ್ ಫಿನಿಶ್, ವಾಲ್ ಫಿನಿಶ್ ಮೂರೂ ಫೀಲ್ಡ್ ಕೊಡ್ರಿ. ಸಾಲು ಮಾಡ್ಕೋರಿ: ಶೌಚಾಲಯ ಅನ್ನೋ ಕೀಗೆ ಗುಂಪು 'ನೀರು', ಸ್ನಾನಗೃಹಕ್ಕೂ 'ನೀರು', ಮಲಗೋ ಖೋಲಿಗೆ 'ವಾಸ', ಅಡಗಿಮನಿಗೆ 'ಅಡಗಿ'. ಆಮ್ಯಾಲ ರೂಮಿಗೆ ಕೀ ಒಂದ ಆರಿಸಿದ್ರ ಉಳಿದದ್ದು ತಾನೇ ತುಂಬ್ಕೋತದ. ಫಿಲ್ಟರ್: ಪಟ್ಟಿ ಗುಂಪು ಈಕ್ವಲ್ಸ್ ನೀರು. ಮುಗೀತು.

ಕೀಯಿಂದ ಬಂದ ಫೀಲ್ಡ್ ರೂಮಿನ ಮ್ಯಾಲ ನೇರ ತಿದ್ದಲಿಕ್ಕೆ ಬರಂಗಿಲ್ಲ, ಕೀ ಶೆಡ್ಯೂಲ್‌ದಾಗ ತಿದ್ದಬೇಕು. ಇದು ತೊಂದ್ರಿ ಅಲ್ಲ, ಬೇಲಿ. ಒಂದು ಖೋಲಿಗೆ ಅಷ್ಟ ಟೈಲ್ಸ್ ಬ್ಯಾರೆ ಬೇಕಂದ್ರ ಅದಕ್ಕ ಬ್ಯಾರೆ ಕೀ ಸಾಲು ಮಾಡ್ರಿ.

ಗುಂಪಿನ ಫೀಲ್ಡ್ ಶೆಡ್ಯೂಲ್‌ದಾಗ ಇರ್ಲೇಬೇಕು, ಇಲ್ಲಾಂದ್ರ ಫಿಲ್ಟರ್ ಟ್ಯಾಬ್‌ದಾಗ ಹೆಸರೇ ಬರಂಗಿಲ್ಲ. ಶೀಟ್ ಮ್ಯಾಲ ಕಾಣಬಾರದು ಅಂದ್ರ ಫಾರ್ಮ್ಯಾಟಿಂಗ್ ಟ್ಯಾಬ್‌ದಾಗ 'ಹಿಡನ್ ಫೀಲ್ಡ್' ಟಿಕ್ ಮಾಡ್ರಿ. ಫಿಲ್ಟರ್ ಕೆಲಸ ಮಾಡ್ತದ, ಕಾಲಂ ಕಾಣಂಗಿಲ್ಲ.

ಷರತ್ತು ಅಂಕಿದ್ದು ಇದ್ರ ಕೀ ಬ್ಯಾಡ, ಕ್ಯಾಲ್ಕ್ಯುಲೇಟೆಡ್ ವ್ಯಾಲ್ಯೂ ಸಾಕು. ಟೈಪ್ 'ಯೆಸ್/ನೋ' ಇಟ್ಟು ಸೂತ್ರದಾಗ 'ಆರ್' ಬಳಸ್ರಿ, ಏರಿಯಾ ಇಷ್ಟಕ್ಕಿಂತ ಕಮ್ಮಿ ಅಥವಾ ಪೆರಿಮೀಟರ್ ಇಷ್ಟಕ್ಕಿಂತ ಕಮ್ಮಿ ಅಂತ. ಆ ಫೀಲ್ಡಿನ ಮ್ಯಾಲ ಫಿಲ್ಟರ್ ಹಾಕ್ರಿ. ಹೆಸರು ಹೋಲಿಸೋ ಷರತ್ತಿಗೆ ಮಾತ್ರ ಮ್ಯಾಲಿನ ಕೀ ದಾರಿನೇ ಹಿಡೀರಿ. ಭಾಗಾಕಾರ ಇದ್ರ ಏಕಮಾನ ಕೂಡ ಬರೀರಿ. ಒಬ್ಬರಿಗೆ 4 ಚದರ ಮೀಟರ್ ಅಂತ ಹಿಡದು ಮಂದಿ ಎಣಿಸೋದಾದ್ರ, ಏರಿಯಾಕ್ಕ ಬರೇ 4ರಿಂದ ಭಾಗಿಸಿದ್ರ ಉತ್ತರ ಏರಿಯಾನೇ ಆಗ್ತದ, ಟೈಪ್ ನಂಬರ್ ಇಟ್ಟಿದ್ರ 'ಇನ್‌ಕನ್ಸಿಸ್ಟಂಟ್ ಯೂನಿಟ್ಸ್' ಅಂತದ. 4 ಚದರ ಮೀಟರಿಂದ ಭಾಗಿಸಿದ್ರ ಮಂದಿ ಎಷ್ಟು ಅಂತ ಬರೇ ಸಂಖ್ಯಾ ಸಿಗ್ತದ.

ಮತ್ತ ಇದೊಂದು ಕೇಳ್ರಿ, ನಮ್ಮ ಕಡಿ ಫೈಲ್‌ಗಳಾಗ ಇದೇ ಜಾಸ್ತಿ. ನಿಮ್ಮ 'ವಸತಿ' ಯಾರು, ಯಾವುದರಾಗ ಟೈಪ್ ಮಾಡ್ಯಾರ? ನುಡಿ ಸಾಫ್ಟ್‌ವೇರಿನ ಹಳೇ ಆಸ್ಕಿ (ಯುನಿಕೋಡ್ ಅಲ್ಲದ) ಫಾಂಟಿನಾಗ ಬರದದ್ದು ಕಣ್ಣಿಗೆ ಕನ್ನಡ ಕಂಡ್ರೂ ಒಳಗ ಇಂಗ್ಲಿಷ್ ಅಕ್ಷರ, ಚಿಹ್ನಿಗಳೇ ಇರ್ತಾವ. ನೀವು ಫಿಲ್ಟರ್‌ದಾಗ ಯುನಿಕೋಡ್ 'ವಸತಿ' ಬರದ್ರ ಅದು ಎಂದೂ ಕೂಡಂಗಿಲ್ಲ. ಗುರ್ತು ಹಿಡಿಯೋದು ಹಿಂಗ: ಪ್ರಾಪರ್ಟೀಸ್ ಪ್ಯಾಲೆಟ್‌ದಾಗ ಆ ರೂಮಿನ ಡಿಪಾರ್ಟ್‌ಮೆಂಟ್ ನೋಡ್ರಿ. ಅಲ್ಲಿ ವಿಂಡೋಸ್‌ನ ಫಾಂಟ್ ಇರ್ತದ, ಆಸ್ಕಿ ಇದ್ರ ಚಿತ್ರವಿಚಿತ್ರ ಅಕ್ಷರ ಕಾಣ್ತಾವ. ನುಡಿಯ ಕನ್ವರ್ಟರ್‌ದಾಗ ಯುನಿಕೋಡಿಗೆ ತಂದು ಮತ್ತ ಅಂಟಸ್ರಿ, ಶೆಡ್ಯೂಲಿನ ಅಪೀಯರೆನ್ಸ್ ಟ್ಯಾಬ್‌ದಾಗೂ ಯುನಿಕೋಡ್ ಫಾಂಟ್ ಇಡ್ರಿ.

---

ನಕ್ಷಿಮನಿ, ಕಲಬುರಗಿ

ಇಬ್ಬರಿಗೂ ಭಾಳ ಉಪಕಾರ ಆತ್ರಿ. ಮೂರು ಸಿಕ್ಕವು. ಹಳೇ ಬ್ಲಾಕಿನ ಉಗ್ರಾಣ ಎಕ್ಸಿಸ್ಟಿಂಗ್ ಫೇಸ್‌ನ್ಯಾಗ ಅದ. ಒಂದು ಶೌಚಾಲಯ 150 ಮಿಲಿಮೀಟರ್ ಇಳಿಸಿದ ಲೆವೆಲ್ ಮ್ಯಾಲ ಕೂತದ. ಒಂದರದು ಡಿಪಾರ್ಟ್‌ಮೆಂಟ್ ಆಸ್ಕಿ, ಪ್ಯಾಲೆಟ್‌ನ್ಯಾಗ ನೋಡಿದ ಕೂಡಲೇ ತಿಳೀತು.

ನಾಕನೇದು ವಾರ್ಡನ್ ಖೋಲಿ. ತಪಾಸಣಿ ಪಟ್ಟಿನ್ಯಾಗ ನಾಟ್ ಎನ್‌ಕ್ಲೋಸ್ಡ್ ಅಂತದ. ನಾಕೂ ಗೋಡಿ ಅವ, ಮೂಲಿ ಎಲ್ಲಾ ಕೂಡ್ಯಾವ, ರೂಮ್ ಬೌಂಡಿಂಗ್ ಟಿಕ್ಕೂ ಅದ. ಇನ್ನೇನು ನೋಡ್ಲಿ?

ಇನ್ನೊಂದು ಪ್ರಶ್ನಿ ಹುಟ್ಟೇದ. ವಾಸದ ಖೋಲಿ 9.5 ಚದರ ಮೀಟರ್ ಮುಟ್ಟ್ಯಾವೋ ಇಲ್ಲೋ ನೋಡೋ ಸಲುವಾಗಿ ಏರಿಯಾ 9.5ಕಿಂತ ಕಮ್ಮಿ ಅಂತ ಫಿಲ್ಟರ್ ಹಾಕಿದೆ. ಅದರಾಗ ಒಂದು ಖೋಲಿ ಬಂತು, ಕಾಲಂನ್ಯಾಗ ನೋಡಿದ್ರ 9.5 ಅಂತಲೇ ಅದ!

---

ಫರಸಿಕಲ್ಲು, ಶಹಾಬಾದ್

ವಾರ್ಡನ್ ಖೋಲಿಯ ಗೋಡಿಗಳ ಬೇಸ್ ಆಫ್‌ಸೆಟ್ ನೋಡ್ರಿ. ಪ್ಲಿಂತ್ ಬೀಮಿನ (ಬುನಾದಿ ಮ್ಯಾಲಿನ ತೊಲಿ) ಮ್ಯಾಲಿಂದ ಗೋಡಿ ಎಬ್ಬಿಸೀರಿ ಅಂದ್ರ, ಲೆವೆಲ್ ಗೆರಿ ಎತ್ತರದಾಗ ಗೋಡಿನೇ ಇರಂಗಿಲ್ಲ. ರೆವಿಟ್ ರೂಮಿನ ಸುತ್ತಳತಿ ನೋಡೋದು ಲೆವೆಲಿನ 'ಕಂಪ್ಯೂಟೇಶನ್ ಹೈಟ್' ಅನ್ನೋ ಎತ್ತರದಾಗ, ಅದು ಮೊದಲಿಗೆ 0 ಇರ್ತದ. ಎಲಿವೇಶನ್ ಇಲ್ಲಾ ಸೆಕ್ಷನ್ ವ್ಯೂನ್ಯಾಗ ತಳಮಹಡಿ ಲೆವೆಲ್ ಗೆರಿ ಹಿಡ್ಕೊಂಡು ಪ್ರಾಪರ್ಟೀಸ್‌ನ್ಯಾಗ ಅದನ್ನ ಗೋಡಿ ಶುರುವಾಗೋ ಎತ್ತರಕಿಂತ ಮ್ಯಾಲ ಇಡ್ರಿ. ಗೋಡಿ 300 ಮಿಲಿಮೀಟರಿಗೆ ಶುರುವಾದ್ರ 900 ಇಡ್ರಿ. ಆದ್ರ ಇದು ಆ ಲೆವೆಲಿನ ಎಲ್ಲಾ ರೂಮಿಗೂ ಹತ್ತತದ. ಬದಲಿಸೋಕ ಮೊದಲ ಒಟ್ಟು ಏರಿಯಾ ಬರಕೊಂಡು, ಬದಲಿಸಿದ ಮ್ಯಾಲ ತಾಳಿ ನೋಡ್ರಿ. ಸೊಟ್ಟ ಗೋಡಿ, ಅರ್ಧ ಎತ್ತರದ ಗೋಡಿ ಇದ್ದಲ್ಲಿ ಅಂಕಿ ಸರೀತದ.

---

ಭೀಮಾತೀರ, ಯಾದಗಿರಿ

9.5ರ ವಿಷಯಕ್ಕೆ ಬರುತ್ತೇನೆ. ಫಿಲ್ಟರ್ ಹೋಲಿಸುವುದು ಒಳಗಿರುವ ಪೂರ್ಣ ಅಂಕಿಯನ್ನು, ಕಾಲಂ ತೋರಿಸುವುದು ಪೂರ್ಣಾಂಕಕ್ಕೋ ಒಂದು ದಶಾಂಶಕ್ಕೋ ಸರಿದೂಗಿಸಿದ ಅಂಕಿಯನ್ನು. ಫಾರ್ಮ್ಯಾಟಿಂಗ್ ಟ್ಯಾಬ್‌ನಲ್ಲಿ ಏರಿಯಾ ಆರಿಸಿ, ಫೀಲ್ಡ್ ಫಾರ್ಮ್ಯಾಟ್ ಒತ್ತಿ, 'ಯೂಸ್ ಪ್ರಾಜೆಕ್ಟ್ ಸೆಟಿಂಗ್ಸ್' ತೆಗೆದು ಮೂರು ದಶಾಂಶ ಇಡಿ. ಸತ್ಯ ಕಾಣುತ್ತದೆ.

ಒಂದು ಖೋಲಿ ತೆಗೆದುಕೊಳ್ಳಿ. ಒಳಮೈ 3.00 ಗುಣಿಸು 3.17 ಮೀಟರ್, 9.51 ಬರುತ್ತದೆ, ಪಾಸು. 230 ಮಿಲಿಮೀಟರ್ ಗೋಡೆಯ ಮೂಲೆಯಲ್ಲಿ 230 ಗುಣಿಸು 450ರ ಕಂಬ ಇದ್ದು, ಅದರ 220 ಗುಣಿಸು 230ರಷ್ಟು ಭಾಗ ಖೋಲಿಯೊಳಗೆ ಚಾಚಿದೆ ಎನ್ನೋಣ. ಕಂಬಕ್ಕೂ ರೂಮ್ ಬೌಂಡಿಂಗ್ ಇರುವುದರಿಂದ 0.051 ಚದರ ಮೀಟರ್ ಕಳೆಯುತ್ತದೆ. ಉಳಿದದ್ದು 9.459. ಒಂದು ದಶಾಂಶಕ್ಕೆ ತೋರಿಸಿದರೆ 9.5! ನಿಮ್ಮಲ್ಲಿ ಆಗಿರುವುದು ಹೀಗೇ ಇರಬೇಕು. ಫಿಲ್ಟರ್ ಸರಿಯಾಗಿಯೇ ಹಿಡಿದಿದೆ, ಖೋಲಿಯೇ ಸಣ್ಣದು.

ಗಿಲಾವಿನ ಲೆಕ್ಕವೂ ಇದೆ. ಆ 3.00 ಮತ್ತು 3.17 ಇಟ್ಟಿಗೆಯ ಮೈಗೆ ಹಿಡಿದ ಅಳತೆಯಾಗಿದ್ದು, ಗೋಡೆಯ ಟೈಪಿನಲ್ಲಿ 12 ಮಿಲಿಮೀಟರ್ ಗಿಲಾವಿನ ಪದರ ಇದ್ದರೆ, ಕಂಬ ಬಿಟ್ಟೂ 2.976 ಗುಣಿಸು 3.146, ಅಂದರೆ 9.362. ಆರ್ಕಿಟೆಕ್ಚರ್ ಟ್ಯಾಬಿನ ರೂಮ್ ಅಂಡ್ ಏರಿಯಾ ಪ್ಯಾನೆಲಿನ ಕೆಳಗಿನ ಬಾಣ ಒತ್ತಿದರೆ 'ಏರಿಯಾ ಅಂಡ್ ವಾಲ್ಯೂಮ್ ಕಂಪ್ಯೂಟೇಶನ್ಸ್' ಸಿಗುತ್ತದೆ. ಅಲ್ಲಿ ಗೋಡೆಯ ಫಿನಿಶ್, ಗೋಡೆಯ ನಡುಗೆರೆ, ಕೋರ್ ಪದರ, ಕೋರ್ ನಡುಗೆರೆ ಎಂದು ನಾಲ್ಕು ಆಯ್ಕೆ. ಇದು ಇಡೀ ಪ್ರಾಜೆಕ್ಟಿಗೆ ಒಂದೇ. ನಡುವೆ ಯಾರಾದರೂ ಬದಲಿಸಿದರೆ ಎಲ್ಲ ಶೆಡ್ಯೂಲಿನ ಅಂಕಿಗಳೂ ಸದ್ದಿಲ್ಲದೆ ಬದಲಾಗುತ್ತವೆ. ಖೋಲಿಯ ಕನಿಷ್ಠ ಅಳತೆ ನೋಡುವಾಗ ಫಿನಿಶ್ ಆಯ್ಕೆಯೇ ಸರಿ.

ಎನ್‌ಬಿಸಿ (ರಾಷ್ಟ್ರೀಯ ಕಟ್ಟಡ ಸಂಹಿತೆ) 2016ರ ಪ್ರಕಾರ ವಾಸದ ಖೋಲಿ ಒಂದೇ ಇದ್ದರೆ 9.5 ಚದರ ಮೀಟರಿಗೆ ಕಡಿಮೆ ಇರಬಾರದು, ಅಗಲ 2.4 ಮೀಟರ್. ಎರಡಿದ್ದಲ್ಲಿ ಒಂದು 9.5, ಇನ್ನೊಂದು 7.5 ಮತ್ತು ಅಗಲ 2.1. ಅಗಲವನ್ನು ರೂಮ್ ಶೆಡ್ಯೂಲ್ ಹಿಡಿಯಲಾರದು, ಅದರಲ್ಲಿ ಏರಿಯಾ, ಪೆರಿಮೀಟರ್ ಇರುತ್ತವೆ, ಅಗಲದ ಫೀಲ್ಡ್ ಇರುವುದಿಲ್ಲ. 1.9 ಗುಣಿಸು 5.1ರ ಓಣಿಯಂಥ ಖೋಲಿಯೂ 9.69 ಎಂದು ಫಿಲ್ಟರ್ ದಾಟಿಬಿಡುತ್ತದೆ. ಅಗಲವನ್ನು ಪ್ಲ್ಯಾನಿನಲ್ಲಿ ಅಳೆಯಲೇಬೇಕು.

ಮುಂದೆ ಅಪಾರ್ಟ್‌ಮೆಂಟ್ ಕೆಲಸಕ್ಕೆ ಇದೇ ಶೆಡ್ಯೂಲನ್ನು ಯಾರಾದರೂ ಬಳಸುವುದಾದರೆ ಒಂದು ಮಾತು. ರೂಮುಗಳ ಏರಿಯಾ ಕೂಡಿಸಿ ಅದನ್ನು ರೇರಾ (ರಿಯಲ್ ಎಸ್ಟೇಟ್ ಕಾಯ್ದೆ) ಹೇಳುವ ಕಾರ್ಪೆಟ್ ಏರಿಯಾ ಎಂದು ಕೊಡಬೇಡಿ. 2016ರ ಕಾಯ್ದೆಯ ವ್ಯಾಖ್ಯೆಯಲ್ಲಿ ಹೊರಗೋಡೆ, ಸರ್ವಿಸ್ ಶಾಫ್ಟ್, ಬಾಲ್ಕನಿ, ತೆರೆದ ಟೆರೇಸು ಬಿಟ್ಟುಹೋಗುತ್ತವೆ, ಆದರೆ ಒಳಗಿನ ಪಾರ್ಟಿಶನ್ ಗೋಡೆ ಸೇರುತ್ತದೆ. ರೂಮ್ ಏರಿಯಾದಲ್ಲಿ ಯಾವ ಗೋಡೆಯೂ ಇಲ್ಲ. 115 ಮಿಲಿಮೀಟರಿನ 3 ಮೀಟರ್ ಪಾರ್ಟಿಶನ್ ಒಂದಕ್ಕೇ 0.345 ಚದರ ಮೀಟರ್, ಸುಮಾರು 3.7 ಚದರ ಅಡಿ. ಅದಕ್ಕೆ ಏರಿಯಾ ಪ್ಲ್ಯಾನ್ ಮಾಡಿ ಗಡಿ ಎಳೆದು ಏರಿಯಾ ಶೆಡ್ಯೂಲ್ ತೆಗೆಯಬೇಕು.

---

ಬಿದರಿ_ಕೆಲಸ, ಬೀದರ್

ಮೇಲಿನವರು ಪೆರಿಮೀಟರ್ ಅಂದ್ರು, ಅದಕ್ಕ ಕೂಡಿಸ್ತೀನಿ. ಫ್ಲೋರ್ ಫಿನಿಶ್ ಕಂಟೇನ್ಸ್ ಶಹಾಬಾದ್ ಅಂತ ಫಿಲ್ಟರ್ ಹಾಕಿ, ಏರಿಯಾಕ್ಕ 'ಕ್ಯಾಲ್ಕ್ಯುಲೇಟ್ ಟೋಟಲ್ಸ್' ಕೊಟ್ಟು ಫರಸಿ ಲೆಕ್ಕ ತಗಿಯೋದು ಛಲೋ. ಆದ್ರ ಬಾಗಿಲದ ಹೊಸ್ತಲ ಕೆಳಗಿನ ಜಾಗಾ ಅದರಾಗ ಬರಂಗಿಲ್ಲ. ಪೆರಿಮೀಟರಿಂದ ಸ್ಕರ್ಟಿಂಗ್ ತಗದ್ರ ಉಲ್ಟಾ, ಬಾಗಿಲದ ಅಗಲ ಕಳೀಬೇಕು. 9.459ರ ಖೋಲಿ ಅಂದ್ರ ಸುಮಾರು 101.8 ಚದರ ಅಡಿ. 2 ಅಡಿ ಗುಣಿಸು 2 ಅಡಿ ಕಲ್ಲಾದ್ರ 25.5, ಅಂದ್ರ ಕತ್ತರಿಸಿದ್ದು, ಒಡದದ್ದು ಬಿಟ್ಟೇ 26 ಕಲ್ಲು.

---

ನಕ್ಷಿಮನಿ, ಕಲಬುರಗಿ

ಕಂಪ್ಯೂಟೇಶನ್ ಹೈಟ್ 900 ಇಟ್ಟ ಮ್ಯಾಲ ವಾರ್ಡನ್ ಖೋಲಿ ಬಂತು. ಹೊಸಾ ಬ್ಲಾಕಿನವು 25, ಹಳೇ ಉಗ್ರಾಣ ಬ್ಯಾರೆ ಫೇಸಿನ ಶೆಡ್ಯೂಲ್‌ನ್ಯಾಗ 1, ಕೂಡಿ 26. ಉಳಿದ ಖೋಲಿಗಳ ಒಟ್ಟು ಏರಿಯಾ ಮೊದಲಿನಷ್ಟೇ ಅದ.

ಕಡೀದೊಂದು. ಈ ಶೆಡ್ಯೂಲಿಂದ ವ್ಯೂ ಟೆಂಪ್ಲೇಟ್ ಮಾಡಿ ಮ್ಯಾಲಿನ ಎರಡು ಮಹಡಿ ಶೆಡ್ಯೂಲಿಗೂ ಹಚ್ಚಿದೆ. ಮೂರರಾಗೂ ತಳಮಹಡಿ ರೂಮೇ ಬರ್ಲಿಕತ್ತಾವ.

---

ಫರಸಿಕಲ್ಲು, ಶಹಾಬಾದ್

ಟೆಂಪ್ಲೇಟಿನೊಳಗ ಫಿಲ್ಟರೂ ಹೋಗ್ಯದ, ಅದಕ್ಕ. ವ್ಯೂ ಟೆಂಪ್ಲೇಟ್ ತಗದು 'ಇನ್‌ಕ್ಲೂಡ್' ಕಾಲಂನ್ಯಾಗ ಫಿಲ್ಟರ್ ಎದುರಿನ ಟಿಕ್ ತಗೀರಿ. ಫೀಲ್ಡ್ಸ್, ಸಾರ್ಟಿಂಗ್, ಫಾರ್ಮ್ಯಾಟಿಂಗ್, ಅಪೀಯರೆನ್ಸ್ ಟಿಕ್ ಇರ್ಲಿ. ಆಮ್ಯಾಲ ಒಂದೊಂದು ಶೆಡ್ಯೂಲ್‌ನ್ಯಾಗ ಲೆವೆಲ್ ಸಾಲು ಅಷ್ಟ ಬದಲಿ ಮಾಡ್ರಿ. ಇಳಿಸಿದ ಲೆವೆಲ್ ಮ್ಯಾಲಿನ ಶೌಚಾಲಯ ಇನ್ನೂ ಅಲ್ಲೇ ಇದ್ರ, ರೂಮನ್ನ ತಳಮಹಡಿ ಲೆವೆಲ್ ಮ್ಯಾಲ ಹಾಕಿ ಬೇಸ್ ಆಫ್‌ಸೆಟ್ ಮೈನಸ್ 150 ಕೊಡ್ರಿ. ಆಗ ಮಹಡಿಗೊಂದ ಲೆವೆಲ್ ಉಳೀತದ, ಮ್ಯಾಲಿನ ಮಹಡಿಗಳೊಳಗೂ ಇದೇ ತಪ್ಪು ಮತ್ತ ಬರಂಗಿಲ್ಲ.